ಕೈ ಮೇಲೆತ್ತಿ ಹಿಡೀರಿ ಸಾರ್

ನರ್ಸ್ ಆಗಲು ಮೂರು ವರ್ಷ ಓದಬೇಕಂತೆ. ನಾನು ನಾಲ್ಕು ನಿಮಿಷದಲ್ಲಿ ಆದೆ.

ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ನರ್ಸಮ್ಮ ಬಂದು ನನ್ನ ಗಂಡನ ಅಂಗಿ ಎತ್ತಿದರು. ಹೊಟ್ಟೆಗೆ ತೂತು ಮಾಡಿ ಒಳಗೆ ಇಳಿಸಿದ್ದ ರಬ್ಬರ್ ಟ್ಯೂಬನ್ನು ತೋರಿಸಿ ಒಂದೇ ಉಸಿರಿಗೆ ಪಾಠ ಒಪ್ಪಿಸಿದರು.

"ನೋಡಮ್ಮ, ಮೂರು ಗಂಟೆಗೊಂದ್ಸಲ ಇನ್ನೂರು ಎಂ.ಎಲ್. ಮೊದ್ಲು ನೀರು, ಆಮೇಲೆ ಊಟ, ಮತ್ತೆ ನೀರು. ಸಿರಿಂಜು ಮೇಲೆತ್ತಿ ಹಿಡಿ, ಅದರಷ್ಟಕ್ಕೇ ಇಳೀಲಿ, ಒತ್ಬೇಡ. ತೆಗೆಯೋ ಮುಂಚೆ ಕ್ಲಿಪ್ ಹಾಕು. ಊಟ ಆದ್ಮೇಲೆ ಒಂದು ಗಂಟೆ ಮಲಗಿಸ್ಬೇಡ. ಗೊತ್ತಾಯ್ತಾ?"

ಗೋಣು ಆಡಿಸಿದೆ. ಅದೇ ಮಂಚಕ್ಕೆ ಇನ್ನೂ ಮೂರು ಜನ ಕಾಯುತ್ತಿದ್ದರು, ಗೊತ್ತಾಗಲಿಲ್ಲ ಅನ್ನಲು ನನಗೆ ಮುಖವಿರಲಿಲ್ಲ. ಕೊನೆಗೆ ಒಂದು ಹಾಳೆ ಕೊಟ್ಟರು. ಅದರಲ್ಲೊಂದು ಚಿತ್ರ. ಬೇಕಾದ ಹಾಗೆ ಏಳುವ ಮಂಚ, ನಾಲ್ಕು ದಿಂಬು, ಪಕ್ಕದಲ್ಲಿ ಹೂವಿನ ಕುಂಡ. ಟ್ಯೂಬ್ ಹಾಕಿಸಿಕೊಂಡವನು ಹಲ್ಲು ಕಿರಿಯುತ್ತಿದ್ದ. ಅಷ್ಟೆಲ್ಲ ಸೌಕರ್ಯ ಕೊಟ್ಟರೆ ನಾನೂ ಒಂದು ಟ್ಯೂಬ್ ಹಾಕಿಸಿಕೊಂಡು ಹಲ್ಲು ಕಿರಿಯುತ್ತಿದ್ದೆನೇನೋ.

ನಮ್ಮದು ಒಂದೇ ಕೋಣೆ. ಏಳುವ ಮಂಚದ ಬದಲು ಗೋಡೆಗೆ ಎರಡು ತಗಡಿನ ಪೆಟ್ಟಿಗೆ ಒರಗಿಸಿ, ಅದರ ಮೇಲೆ ಹಾಸಿಗೆ ಸುತ್ತಿಟ್ಟೆ. ಅದಕ್ಕೆ ಬೆನ್ನು ಕೊಟ್ಟು ಇವರು ದಿನವಿಡೀ ಅರ್ಧ ಕೂತು ಅರ್ಧ ಮಲಗಿರುತ್ತಾರೆ. ಪಕ್ಕದಲ್ಲೊಂದು ಡಬ್ಬಿ. ಬಾಯಲ್ಲಿ ಊರುವ ಎಂಜಲು ಕೂಡ ಗಂಟಲಲ್ಲಿ ಇಳಿಯುವುದಿಲ್ಲ, ಉಗಿಯುತ್ತಲೇ ಇರಬೇಕು. ಬೆಳಿಗ್ಗೆ ಆರರಿಂದ ಶುರುವಾದರೆ ದಿನಕ್ಕೆ ಆರು ಸಲ ಊಟ. ಹಿಟ್ಟಿನ ಗಂಜಿ, ಹಾಲು, ಬೇಯಿಸಿದ ಮೊಟ್ಟೆ ಎಲ್ಲ ರುಬ್ಬಿ, ತೆಳ್ಳನೆಯ ಬಟ್ಟೆಯಲ್ಲಿ ಎರಡು ಸಲ ಸೋಸಿ, ಉಗುರುಬೆಚ್ಚಗೆ ಸಿರಿಂಜಿಗೆ ಹೊಯ್ದು ಕೈಯೆತ್ತಿ ನಿಲ್ಲಬೇಕು. ಜೋರಾಗಿ ಇಳಿದರೆ ಇವರಿಗೆ ಹೊಟ್ಟೆ ಹಿಡಿಯುತ್ತದೆ, ಸ್ವಲ್ಪ ತಗ್ಗಿಸಬೇಕು. ತೀರಾ ತಗ್ಗಿಸಿದರೆ ಹೊಟ್ಟೆಯಲ್ಲಿದ್ದದ್ದೂ ವಾಪಸು ಬರುತ್ತದೆ. ಒಂದು ಸಲಕ್ಕೆ ಇಪ್ಪತ್ತು ನಿಮಿಷ. ಗೋಡೆಗೊಂದು ಮೊಳೆ ಹೊಡೆದು ನೇತುಹಾಕೋಣವೆಂದರೆ ಮನೆ ಮಾಲೀಕರಿಗೆ ಗೋಡೆಯ ಆರೋಗ್ಯದ ಚಿಂತೆ. ನಡುವೆ ಸಿಕ್ಕ ಹೊತ್ತಿನಲ್ಲಿ ನಾನು ಅಂಗಿಗಳಿಗೆ ಗುಂಡಿ ಹೊಲಿದು ಕೊಡಬೇಕು, ಅದು ನನ್ನ ಕೆಲಸ. ಮೊದಲ ವಾರ ಭುಜ ಎಷ್ಟು ನೋಯುತ್ತಿತ್ತೆಂದರೆ ತಲೆ ಬಾಚಿಕೊಳ್ಳಲೂ ಆಗಲಿಲ್ಲ.

ಈ ಗಂಜಿ ಯಾರಿಗೆ ಅಂತೀರಿ? ಅಡುಗೆಯವರಿಗೆ. ಹನ್ನೊಂದು ಮಹಡಿಯ ಕಂಪನಿಯ ಕ್ಯಾಂಟೀನಿನಲ್ಲಿ ದಿನಾ ಸಾವಿರದ ನೂರು ಜನಕ್ಕೆ ಬೇಯಿಸಿ ಹಾಕುತ್ತಿದ್ದ ಮನುಷ್ಯ ನನ್ನ ಗಂಡ. ಅಲ್ಲಿ ಎಲ್ಲರ ಬಾಯಲ್ಲೂ 'ಮಾಸ್ಟ್ರು'. ಪಾತ್ರೆಯ ಮೇಲಿನ ಹಬೆ ಮೂಸಿಯೇ ಏನು ಹೆಚ್ಚು ಏನು ಕಡಿಮೆ ಎಂದು ಹೇಳುತ್ತಿದ್ದರು. ಅಂಥವರ ಗಂಟಲಿಗೇ ಬೀಗ ಬಿತ್ತು.

ಹೇಗೆ ಬಿತ್ತೆಂದರೆ, ಆ ಕಂಪನಿಗೆ ಹನ್ನೊಂದು ಮಹಡಿಗೂ ಗಾಜು ಹಾಕಿಸುವ ತಾಕತ್ತಿತ್ತು, ಮೋರಿ ತೊಳೆಯುವ ದ್ರಾವಣಕ್ಕೆ ಒಂದು ಬೇರೆ ಕ್ಯಾನ್ ತರಿಸುವ ತಾಕತ್ತಿರಲಿಲ್ಲ. ಡ್ರಮ್ಮಿನಿಂದ ಅದನ್ನು ಕುಡಿಯುವ ನೀರಿನ ಖಾಲಿ ಬಾಟಲಿಗಳಿಗೆ ತುಂಬಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಬಣ್ಣ ನೀರಿನದೇ, ಮೇಲೆ ಒಂದು ಚೀಟಿಯೂ ಇಲ್ಲ. ನಾಲ್ಕು ಒಲೆಗಳ ಮುಂದೆ ಬೆಂದು ಬೆವೆತಿದ್ದ ಇವರು ಕೈಗೆ ಸಿಕ್ಕಿದ ಬಾಟಲಿ ಎತ್ತಿ ಎರಡು ಗುಟುಕು ಕುಡಿದೇಬಿಟ್ಟರು. ಅನ್ನ ಇಳಿಯುವ ದಾರಿ ಸುಟ್ಟು ಮುಚ್ಚಿಕೊಂಡಿತು. "ಅಡುಗೆಯವನಿಗೆ ಮೂಗಿಲ್ವಾ, ಮೂಸಿ ಕುಡೀಬಾರದಿತ್ತಾ?" ಎಂದು ಕಂಪನಿಯವರು ಆಸ್ಪತ್ರೆಯ ಬಾಗಿಲಲ್ಲೇ ಮರುಗಿದರು.

"ಆರು ತಿಂಗಳಾದ ಮೇಲೆ ದೊಡ್ಡ ಆಪರೇಷನ್ ಮಾಡಿ ಹೊಸ ದಾರಿ ಮಾಡ್ಬಹುದಮ್ಮ. ಆಗ ಬಾಯಲ್ಲೇ ಊಟ ಮಾಡ್ತಾರೆ" ಎಂದರು ಡಾಕ್ಟರು. ಕೆಲಸದ ಜಾಗದಲ್ಲಾದ ಅಪಘಾತ ಎಂದು ಕಂಪನಿ ಬರೆದುಕೊಟ್ಟರೆ ಆಪರೇಷನ್ ಕಾರ್ಮಿಕರ ವಿಮೆಯಲ್ಲಿ ಆಗುತ್ತದೆ. ಬರೆದುಕೊಡದಿದ್ದರೆ ಇರುವಷ್ಟು ದಿನ ಈ ಟ್ಯೂಬೇ ಗತಿ. ಕಂಪನಿಯ ಒಂದು ಸಾಲಿಗಾಗಿ ನಾವು ಕಾಯುತ್ತಾ ಕೂತೆವು.

ಮನೆಗೆ ಬಂದ ಒಂಬತ್ತನೆಯ ದಿನ, ಗುರುವಾರ, ಹೊಲಿದ ಅಂಗಿಗಳನ್ನು ಕೊಟ್ಟು ಬಂದೆ. ಇವರು ಸೋಸಿಟ್ಟಿದ್ದ ಗಂಜಿಯ ಪಾತ್ರೆ ಮುಂದಿಟ್ಟುಕೊಂಡು ಬೆಕ್ಕಿನ ಹಾಗೆ ಕೂತಿದ್ದರು.

"ಏನ್ರೀ ಮಾಡ್ತಿದ್ದೀರಿ?"

"ಏನಿಲ್ಲ ಬಿಡು." ಗಂಟಲು ಸುಟ್ಟ ಮೇಲೆ ಇವರ ದನಿ ಪಾತ್ರೆಗೆ ಮರಳು ಹಾಕಿ ತಿಕ್ಕಿದಂತೆ ಬರುತ್ತದೆ.

ಸಿರಿಂಜಿಗೆ ಹೊಯ್ದೆ. ಅರ್ಧ ಇಳಿದ ಗಂಜಿ ಗರ ಬಡಿದಂತೆ ನಿಂತುಬಿಟ್ಟಿತು. ಕೈ ಎಷ್ಟು ಮೇಲೆತ್ತಿದರೂ ಒಂದು ಹನಿ ಕದಲಲಿಲ್ಲ.

"ನಿಜ ಹೇಳ್ರೀ, ಏನ್ ಹಾಕಿದ್ರಿ ಇದಕ್ಕೆ?"

"ಕಾಳುಮೆಣಸು. ಕುಟ್ಟಿ ಪುಡಿ ಮಾಡೇ ಹಾಕ್ದೆ ಕಣೇ."

"ಅಯ್ಯೋ ನಿಮ್ಮ ಮೆಣಸಿಗಿಷ್ಟು! ನಾಲಿಗೇನೇ ಮುಟ್ಟದೆ ಹೋಗೋ ಗಂಜಿಗೆ ಮೆಣಸು ಯಾಕ್ರೀ?"

"ಸಪ್ಪೆ ಊಟ ಆಚೆ ಕಳಿಸಿ ಅಭ್ಯಾಸ ಇಲ್ಲ" ಎಂದರು, ತಪ್ಪು ಮಾಡಿದ ಮಗುವಿನ ಮುಖ ಮಾಡಿಕೊಂಡು.

ಆಸ್ಪತ್ರೆಗೆ ಫೋನ್ ಮಾಡಿದೆ. "ಸೋಮವಾರ ಬಂದು ಚೀಟಿ ಮಾಡಿಸಿ" ಎಂದಿತು ಒಂದು ದನಿ. ಅಲ್ಲಿಯವರೆಗೆ ಊಟ ಹೇಗೆ ಎಂದು ಕೇಳಿದೆ. "ಟ್ಯೂಬಲ್ಲೇ ಕೊಡ್ತಾ ಇರಿ." ಎಂಥ ಬುದ್ಧಿವಂತರು! ಫೋನ್ ಇಟ್ಟು ನೀರು ಬೆಚ್ಚಗೆ ಮಾಡಿದೆ. ಸಿರಿಂಜಿನಲ್ಲಿ ಸ್ವಲ್ಪ ತಳ್ಳುವುದು, ಸ್ವಲ್ಪ ಎಳೆಯುವುದು, ಮತ್ತೆ ತಳ್ಳುವುದು. ಮುಕ್ಕಾಲು ಗಂಟೆ. ಕೊನೆಗೆ ಸಾಸಿವೆಗಿಂತ ಚಿಕ್ಕದೊಂದು ಕಪ್ಪು ಸಿಪ್ಪೆ ಹೊರಗೆ ಬಂತು. ಬೆರಳ ತುದಿಯಲ್ಲಿ ಅದನ್ನು ಹಿಡಿದು ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಇವರು ಅಳತೊಡಗಿದರು.

"ಹೊಟ್ಟೆ ತುಂಬುತ್ತೆ ಕಣೇ. ಹಸಿವು ಮಾತ್ರ ಹೋಗಲ್ಲ. ಒಂದೇ ಒಂದು ತುತ್ತು ಅಗಿದು ನುಂಗ್ಬೇಕು."

ಈ ಮನುಷ್ಯ ಮತ್ತೆ ಉಣ್ಣುವುದನ್ನು ನೋಡಬೇಕು, ಅದಕ್ಕಾಗಿ ಯಾರ ಕಾಲಾದರೂ ಹಿಡಿದೇನು ಎಂದುಕೊಂಡೆ. ಆಗ ಹಾಗನ್ನಿಸಿದ್ದು ನಿಜ.

ಮುಂದಿನ ವಾರ ಕಂಪನಿಯೇ ನಮ್ಮ ಓಣಿಗೆ ಕಾರಿನಲ್ಲಿ ಬಂತು. ಇಳಿದವರು ನೌಕರರ ಕ್ಷೇಮ ವಿಚಾರಿಸುವ ಅಧಿಕಾರಿ. ಸಂಬಳ ತೆಗೆದುಕೊಂಡು ಕ್ಷೇಮ ವಿಚಾರಿಸುವವರು, ಅದಕ್ಕೇ ನಾವು 'ಕ್ಷೇಮದ ಸಾಹೇಬ್ರು' ಅನ್ನುವುದು. ಕೈಯಲ್ಲಿ ಹಣ್ಣಿನ ಬುಟ್ಟಿ. ಸೇಬು, ದ್ರಾಕ್ಷಿ, ಮೇಲೆ ರಿಬ್ಬನ್ನು.

"ಚೆನ್ನಾಗಿ ತಿಂದು ಬೇಗ ಹುಷಾರಾಗ್ಬೇಕು ಮಾಸ್ಟ್ರೆ" ಎಂದರು. ಯಾವ ತೂತಿನಿಂದ ತಿನ್ನಬೇಕು ಎಂದು ಹೇಳಲಿಲ್ಲ.

ನಾನಾಗ ಮಧ್ಯಾಹ್ನ ಮೂರರ ಊಟಕ್ಕೆ ಸಿರಿಂಜು ಎತ್ತಿ ನಿಂತಿದ್ದೆ. ಸಾಹೇಬರು ಬ್ಯಾಗಿನಿಂದ ಒಂದು ಹಾಳೆ ತೆಗೆದರು.

"ಆಪರೇಷನ್‌ಗೆ ಬೇಕಾದ ಕಾಗದಾನಮ್ಮ. ನಾನೇ ಓಡಾಡಿ ಮಾಡಿಸಿದ್ದು. ಇಲ್ಲಿ ನೀನೊಂದು ಸೈನ್ ಮಾಡು, ಇಲ್ಲಿ ಅವರು."

"ಕೈ ಬಿಡುವಿಲ್ವಲ್ಲ ಸಾರ್. ಒಂದ್ಗಳಿಗೆ ಇದನ್ನ ಹಿಡ್ಕೊಳ್ತೀರಾ?"

ಸೈನ್ ಸಿಗುತ್ತದೆಂದರೆ ಏನನ್ನಾದರೂ ಹಿಡಿಯುವ ಆತುರ. ಸಿರಿಂಜು ಹಿಡಿದರು.

"ಕೈ ಮೇಲೆತ್ತಿ ಹಿಡೀರಿ ಸಾರ್. ಇನ್ನೂ ಮೇಲೆ. ಹಾಂ, ಹಾಗೆ."

ಸೆರಗಿಗೆ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡೆ. ನಾನು ಏಳನೇ ತರಗತಿಯವರೆಗೆ ಓದಿದವಳು. ಓದು ನಿಧಾನ, ಆದರೆ ಗಟ್ಟಿಯಾಗಿ ಓದುತ್ತೇನೆ.

"ಸದರಿ ನೌಕರನು... ಮನೆಯ ಜಗಳದಿಂದ ಮನನೊಂದು... ತನ್ನ ಸ್ವಂತ ಬಾಟಲಿಯಲ್ಲಿ ತಂದಿದ್ದ ದ್ರಾವಣವನ್ನು ಸೇವಿಸಿದ್ದು... ಇದಕ್ಕೂ ಸಂಸ್ಥೆಗೂ ಯಾವುದೇ ಸಂಬಂಧವಿರುವುದಿಲ್ಲ."

ಇವರು ನನ್ನ ಮುಖ ನೋಡಿದರು. ನಾನು ಸಾಹೇಬರ ಮುಖ ನೋಡಿದೆ. ಸಾಹೇಬರು ಗಂಜಿ ನೋಡುತ್ತಿದ್ದರು.

"ಯಾವ ಜಗಳ ಸಾರ್? ಯಾವಾಗ ಆಯ್ತು? ನಮಗೇ ಹೇಳ್ಲಿಲ್ವಲ್ಲ."

"ಅದು ಸುಮ್ನೆ ಬರೆಯೋ ಪದ್ಧತಿ ಕಣಮ್ಮ. ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ." ಸಾಹೇಬರ ಕೈ ಮೆಲ್ಲಗೆ ಜಾರುತ್ತಿತ್ತು. ಗಂಜಿ ಟ್ಯೂಬಿನಿಂದ ಹಿಂದಕ್ಕೆ ಏರಿ ಸಿರಿಂಜಿನ ಬಾಯಿಗೆ ಬಂದು ತೋಳಿನ ಮೇಲೆ ಹರಿಯಿತು.

"ಛೀ! ಏನಿದು?"

"ಮೇಲೆ ಸಾರ್, ಮೇಲೆ! ಇನ್ನೂ ಇಳಿಸಿದ್ರೆ ಬೆಳಗ್ಗೆಯಿಂದ ಉಂಡಿದ್ದೆಲ್ಲ ಅಂಗಿ ಮೇಲೆ ಬರುತ್ತೆ."

ಕೈ ಥಟ್ಟನೆ ಮೇಲೆ ಹೋಯಿತು. ಮನೆಪಾಠ ಮಾಡದ ಹುಡುಗನನ್ನು ಮೇಷ್ಟ್ರು ನಿಲ್ಲಿಸಿದ ಹಾಗೆ ಕ್ಷೇಮದ ಸಾಹೇಬರು ನಮ್ಮ ಕೋಣೆಯ ನಡುವೆ ಕೈಯೆತ್ತಿ ನಿಂತರು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

ಹಾಳೆಯ ಕೆಳಗೆ ಇನ್ನೊಂದು ಸಾಲಿತ್ತು. 'ಕಣ್ಣಾರೆ ಕಂಡ ಸಾಕ್ಷಿ', ಅದರ ಪಕ್ಕ ನೀಲಿ ಹೆಬ್ಬೆಟ್ಟು, ಕೆಳಗೆ ಹೆಸರು. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಅಕ್ಕನದು. ಅವತ್ತು ಇವರ ಬಾಯಿ ತೊಳೆಸಿ, ಆಸ್ಪತ್ರೆಯವರೆಗೆ ತೊಡೆಯ ಮೇಲೆ ತಲೆ ಇಟ್ಟುಕೊಂಡು ಹೋದವಳೇ ಅವಳು.

ಕಂಪನಿಯ ಕಾರು ಓಣಿಯಲ್ಲಿ ನಿಂತರೆ ಸುದ್ದಿಯಾಗದೆ ಇರುತ್ತದೆಯೇ? ಕ್ಯಾಂಟೀನಿನ ಅರ್ಧ ಜನ ಇದೇ ಓಣಿಯವರು. ಬೆಳಗಿನ ಪಾಳಿ ಮುಗಿಸಿ ಬಂದಿದ್ದ ಪಾತ್ರೆ ಅಕ್ಕ, ತರಕಾರಿ ಹೆಚ್ಚುವವನು, ಬಡಿಸುವ ಇಬ್ಬರು ಹೆಂಗಸರು ಬಾಗಿಲಲ್ಲಿ ಬಂದು ನಿಂತಿದ್ದರು. ನಾನು ಹಾಳೆ ಎತ್ತಿ ಹಿಡಿದೆ.

"ಅಕ್ಕಾ, ಇವರು ಸ್ವಂತ ಬಾಟ್ಲಿ ತಂದು ಕುಡಿದಿದ್ದನ್ನ ನೀನು ನೋಡಿದ್ಯಾ?"

"ಯಾವ ಬಾಯಲ್ಲಿ ಹೇಳ್ತೀಯೇ ಹಾಗೆ?"

"ನಾನಲ್ಲ, ನಿನ್ನ ಹೆಬ್ಬೆಟ್ಟು ಹೇಳ್ತಿದೆ."

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನೇರ ಸಾಹೇಬರ ಮುಂದೆ ಹೋಗಿ ನಿಂತಳು.

"ರಜೆ ಚೀಟಿ ಅಂದ್ರಲ್ಲ ಸಾರ್! ರಜೆ ಚೀಟಿ ಅಂತ ತಾನೆ ಒತ್ತಿಸ್ಕೊಂಡ್ರಿ? ಬಾಟ್ಲಿ ತುಂಬ್ಸಿ ಕಟ್ಟೆ ಮೇಲೆ ಇಟ್ಟೋರು ನಿಮ್ ಸ್ಟೋರ್‌ನೋರು. ಬೇಡ ಅಂತ ನಾನೇ ಎರಡು ಸಲ ಬಡ್ಕೊಂಡಿದ್ದೆ."

ಸಾಹೇಬರಿಗೆ ಓಡಲು ಕೈ ಬಿಡುವಿರಲಿಲ್ಲ. ಸಿರಿಂಜಿನಲ್ಲಿ ಇನ್ನೂ ಎರಡು ಬೆರಳು ಗಂಜಿ ಇತ್ತು, ಅದು ತನ್ನ ಪಾಡಿಗೆ ತಾನು ನಿಧಾನವಾಗಿ ಇಳಿಯುತ್ತಿತ್ತು. ಮುಗಿಯುವವರೆಗೂ ಅವರು ಕೈಯೆತ್ತಿಯೇ ನಿಲ್ಲಬೇಕಾಯಿತು. ಕೊನೆಗೆ ನಾನೇ ಹೋಗಿ ಸಿರಿಂಜು ತೆಗೆದುಕೊಂಡು ನೀರು ಬಿಟ್ಟು ಕ್ಲಿಪ್ ಹಾಕಿದೆ. ಕೈ ಬಿಡುಗಡೆಯಾದದ್ದೇ ತಡ, ಸಾಹೇಬರು ಪೆಟ್ಟಿಗೆಯ ಮೇಲಿಟ್ಟಿದ್ದ ಹಾಳೆಯನ್ನು ಕಿತ್ತುಕೊಂಡರು.

"ನೀವು ಸೈನ್ ಮಾಡದಿದ್ರೆ ಆಕಾಶ ಬೀಳಲ್ಲ. ಸಾಕ್ಷಿ ಆಗಿದೆ. ಒಂದ್ಸಲ ಹೆಬ್ಬೆಟ್ಟು ಬಿತ್ತು ಅಂದ್ರೆ ಬಿತ್ತು."

ಕಾರು ಹೋಯಿತು. ಪಾತ್ರೆ ಅಕ್ಕ ಹೊಸ್ತಿಲಲ್ಲೇ ಕುಸಿದಳು. "ನನ್ ಕೈಯಾರೆ ನಿಮ್ಮ ಅನ್ನ ಕಿತ್ಕೊಂಡೆನಲ್ಲಾ ಮಾಸ್ಟ್ರೆ" ಎಂದು ತಲೆ ಚಚ್ಚಿಕೊಂಡಳು.

ಇವರು ಡಬ್ಬಿಗೆ ಉಗಿದು ಬಾಯಿ ಒರೆಸಿಕೊಂಡರು. "ಅಳ್ಬೇಡ. ನಾಳೆ ಬೆಳಗ್ಗೆ ಕ್ಯಾಂಟೀನಲ್ಲಿ ಒಲೆ ಹಚ್ಚೋರು ಯಾರು?"

"ಇನ್ಯಾರು, ನಾವೇ" ಎಂದ ತರಕಾರಿ ಹೆಚ್ಚುವವನು.

"ಹಚ್ಚದಿದ್ರೆ?"

"ಕೆಲ್ಸ ಹೋಗುತ್ತೆ" ಎಂದಳು ಬಡಿಸುವವಳು. "ಹೋಗ್ಲಿ ಬಿಡೇ. ನಾಳೆ ಆ ಬಾಟ್ಲಿ ನಿನ್ ಕೈಗೆ ಸಿಕ್ಕಿದ್ರೆ?" ಎಂದಳು ಇನ್ನೊಬ್ಬಳು. ಕತ್ತಲಾಗುವುದರೊಳಗೆ ಓಣಿಯ ಮನೆಮನೆಗೂ ಹೋಗಿ ಮಾತಾಡಿಕೊಂಡು ಬಂದರು.

ಮಾರನೆಯ ದಿನ ಹನ್ನೊಂದು ಮಹಡಿಯ ಕಂಪನಿಯ ಕ್ಯಾಂಟೀನಿನಲ್ಲಿ ಹೊಗೆಯಾಡಲಿಲ್ಲ. ಅಡುಗೆಯವರು, ಬಡಿಸುವವರು, ತೊಳೆಯುವವರು ಇಪ್ಪತ್ತಾರು ಜನವೂ ಪಾತ್ರೆ ಅಕ್ಕನನ್ನು ಮುಂದಿಟ್ಟುಕೊಂಡು ಕಾರ್ಮಿಕ ಇಲಾಖೆಯ ಮೆಟ್ಟಿಲ ಮೇಲೆ ಕೂತಿದ್ದರು. ಇಲಾಖೆಯ ಅಧಿಕಾರಿ ಬರುವವರೆಗೆ ಕಾಯಿರಿ ಎಂದಿದ್ದರಂತೆ ಅಲ್ಲಿನವರು. ಕಾಯುವುದು ನಮ್ಮವರಿಗೇನು ಹೊಸದಲ್ಲ.

ಒಂದೂವರೆಗೆ ನನ್ನ ಫೋನ್ ಬಡಿದುಕೊಂಡಿತು. ಇವರ ಊಟ ಅವತ್ತು ತಡವಾಗಿ ಶುರುವಾಗಿತ್ತು, ಬಲಗೈ ಮೇಲಿತ್ತು. ಫೋನನ್ನು ಕಿವಿಗೂ ಎಡಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ. ಕ್ಷೇಮದ ಸಾಹೇಬರು.

"ಏನಮ್ಮ ಇದು? ಸಾವಿರದ ನೂರು ಜನ ಹಸ್ಕೊಂಡು ಕೂತಿದ್ದಾರೆ. ಮೇಲಿನೋರು ನನ್ನ ತಲೆ ತಿಂತಿದ್ದಾರೆ. ಇದೇನಾ ಮಾನವೀಯತೆ?"

"ಏನಾದ್ರೂ ತಿಂತಿದ್ದಾರಲ್ಲ, ಸದ್ಯ" ಎಂದೆ.

"ತಮಾಷೆ ಬೇಡ. ಮಾಸ್ಟ್ರು ಹೇಳಿದ್ರೆ ಅವರೆಲ್ಲ ಕೇಳ್ತಾರೆ. ಒಂದು ಮಾತು ಹೇಳ್ಸು. ಒಂದು ಹೊತ್ತು ಊಟ ಇಲ್ಲ ಅಂದ್ರೆ ಜನಕ್ಕೆ ಎಷ್ಟು ಕಷ್ಟ ಆಗುತ್ತೆ ಗೊತ್ತಾ?"

ಇವರು ಕೈ ಚಾಚಿ ಫೋನ್ ಕೇಳಿದರು. ಬಗ್ಗಿ ಭುಜ ಇಳಿಸಿದೆ, ತೆಗೆದುಕೊಂಡರು. ಒಂದು ಸಲ ಕೆಮ್ಮಿ, ಆ ಸುಟ್ಟ ದನಿಯಲ್ಲಿ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ಬಾಟ್ಲಿ ನಿಮ್ಮದು ಅಂತ ಬರ್ಕೊಡಿ ಸಾರ್, ಗಂಟೆಯೊಳಗೆ ಒಲೆ ಹತ್ತುತ್ತೆ. ಅಲ್ಲಿವರೆಗೆ ಹಸ್ಕೊಂಡಿರಿ. ನಾನಿಲ್ವಾ?"