ಯಂತ್ರದ ಹಣೆಗೊಂದು ಬೊಟ್ಟು

ಬೊಮ್ಮಸಂದ್ರದ ನಮ್ಮ ಮಾತ್ರೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಹಾಲಿಗೆ ಹೋಗುವವರು ಬಾಗಿಲಲ್ಲೇ ಹಣೆ ಒರೆಸಿಕೊಳ್ಳಬೇಕು. ಕುಂಕುಮ, ವಿಭೂತಿ, ಗಂಧ ಯಾವುದಕ್ಕೂ ಒಳಗೆ ಪ್ರವೇಶವಿಲ್ಲ. ದೇವರೇ ಬಂದರೂ ಟೋಪಿ ಹಾಕಿಸಿಕೊಂಡೇ ಬರಬೇಕು. ಆಯುಧಪೂಜೆಯೂ ಹೊರಗೇ: ಜನರೇಟರಿಗೆ, ಬಸ್ಸುಗಳಿಗೆ, ಗೇಟಿನಲ್ಲಿ ಕಾರ್ಡು ತೋರಿಸಿದರೆ ತಿರುಗುವ ಉಕ್ಕಿನ ಅಡ್ಡಗೋಲಿಗೆ. ಎಚ್.ಆರ್. ಮ್ಯಾನೇಜರ್ ರಾಜೇಂದ್ರ ಅವರೇ ನಿಂತು ಬೂದುಗುಂಬಳ ಒಡೆಯುತ್ತಾರೆ.

ವರ್ಷವಿಡೀ ಜೊತೆಗೆ ದುಡಿದ ಯಂತ್ರದ ಹಣೆ ಬೋಳಾಗಿರುವುದನ್ನು ಮಾತ್ರ ಆಪರೇಟರುಗಳಿಗೆ ನೋಡಲಾಗುತ್ತಿರಲಿಲ್ಲ. ಹಬ್ಬದ ದಿನ ಯಂತ್ರ ನಿಂತ ಮೇಲೆ ಮುಚ್ಚಳದ ಒಳಬದಿಗೆ ಒಂದು ಬೊಟ್ಟು ಇಡುವುದು, ರಜೆ ಮುಗಿಸಿ ಬಂದು ಅದನ್ನು ಒರೆಸಿಯೇ ಗುಂಡಿ ಒತ್ತುವುದು ಹಳೆಯ ರೂಢಿ. ಸೂಪರ್‌ವೈಸರುಗಳಿಗೂ ಸರಿಯಾಗಿ ಆ ಹೊತ್ತಿಗೇ ಚಹಾದ ನೆನಪಾಗುತ್ತಿತ್ತು.

ಎರಡು ಸಾವಿರದ ಹನ್ನೊಂದರಲ್ಲಿ ಎಕ್ಸ್‌ಪೋರ್ಟ್ ಆರ್ಡರಿನ ಅವಸರಕ್ಕೆ ಕೊನೆಯ ಗಳಿಗೆಯಲ್ಲಿ ರಜೆ ರದ್ದಾಗಿ, ಹಬ್ಬದ ಸಂಜೆಯೇ ಬೇರೆ ಪಾಳಿಯವರು ಯಂತ್ರ ಓಡಿಸಿದರು. ಪೂಜೆಯಾದ ಆಯುಧ ಅಂದು ಮಲಗಿರುತ್ತದೆಂದು ನಂಬಿ, ಬೊಟ್ಟು ಇಟ್ಟ ಆಪರೇಟರ್ ಸಂಗಣ್ಣ ಆಗಲೇ ಬಸ್ಸು ಹತ್ತಿದ್ದ. ಯಂತ್ರ ನಡುಗಿತು, ಬೊಟ್ಟು ಉದುರಿತು, ಒಂದು ಬಿಳಿ ಮಾತ್ರೆ ಮುತ್ತೈದೆಯಾಗಿ ಹೊರಬಂತು. ಕ್ವಾಲಿಟಿ ವಿಭಾಗದ ಪ್ರಿಯಾಂಕಾ ಅದನ್ನು ಹಿಡಿದರು. ಇಡೀ ಬ್ಯಾಚು ನಿಂತಿತು. ಸಂಗಣ್ಣನಿಗೆ ಮೆಮೋ ಬಂತು: ಗುರುವಾರ ಬೆಳಗ್ಗೆ ವಿಚಾರಣೆ.

ಬಾದಾಮಿ ಕಡೆಯ ಸಂಗಣ್ಣ ಆ ಯಂತ್ರ ಬಂದಾಗಿನಿಂದ ಅದರ ಜೊತೆಯವನು. ಬೇರೆ ಕೆಲಸ ಕಲಿತಿರಲಿಲ್ಲ. ವಜಾ ಎಂದು ಒಮ್ಮೆ ಬರೆದರೆ ಸುತ್ತಲಿನ ಯಾವ ಮಾತ್ರೆ ಕಾರ್ಖಾನೆಯೂ ಅವನನ್ನು ಗೇಟಿನೊಳಗೆ ಬಿಡುವುದಿಲ್ಲ.

ವಿಚಾರಣೆಯಲ್ಲಿ ಕಾರ್ಮಿಕನ ಪರ ಒಬ್ಬ ಸಹೋದ್ಯೋಗಿ ಕೂರಬಹುದು. ಸಂಗಣ್ಣ ನನ್ನ ಹೆಸರು ಕೊಟ್ಟ. ನಾನು ಡಿಸ್ಪ್ಯಾಚ್ ಗುಮಾಸ್ತ. ನನಗೆ ಗೊತ್ತಿದ್ದದ್ದು ಕಾನೂನಲ್ಲ, ರಾಜೇಂದ್ರ ಅವರ ದನಿ. ಕ್ಯಾಂಟೀನಿನಲ್ಲಿ ನಾನು ಅವರಂತೆ ಗಂಟಲು ಕೆರೆದರೆ ಜನ ಅನ್ನ ಬಿಟ್ಟು ಎದ್ದು ನಿಲ್ಲುತ್ತಿದ್ದರು.

ವಿಚಾರಣೆಯ ಹಿಂದಿನ ದಿನ ಸಂಗಣ್ಣನ ಬಾಡಿಗೆ ಕೋಣೆಯಲ್ಲಿ ತಾಲೀಮು. ಕಾರ್ಖಾನೆಯ ಒಳವಿಚಾರಣೆಗೆ ಮೆಮೋದಲ್ಲಿ ಬರೆದಿದ್ದ ‘ಡೊಮೆಸ್ಟಿಕ್ ಎನ್‌ಕ್ವೈರಿ’ ಎಂದರೆ ಮನೆಗೆ ಬಂದು ವಿಚಾರಿಸುವುದು ಎಂದು ಯಾರೋ ಅರ್ಥ ಬಿಡಿಸಿದ್ದರಿಂದ ಅವನ ಹೆಂಡತಿ ಮಹಾದೇವಿ ನೆಲ ಒರೆಸಿ, ಸಾಹೇಬರಿಗೆಂದು ಹೊಸ ಚಾಪೆ ಹಾಸಿದ್ದಳು. ಅದರ ಮೇಲೆ ನಾನೇ ಸಾಹೇಬನಾಗಿ ಕೂತೆ. ಏನು ಕೇಳಿದರೂ ಗೊತ್ತಿಲ್ಲ ಎನ್ನಬೇಕೆಂದು ಮೊದಲೇ ಹೇಳಿಕೊಟ್ಟಿದ್ದೆ.

“ಲುಕ್, ಮಿಸ್ಟರ್ ಸಂಗಣ್ಣ, ನಾನು ನಿಮ್ಮ ಬ್ರದರ್ ಇದ್ದ ಹಾಗೆ. ಕುಂಕುಮ ಹಚ್ಚಿದ್ದು ಯಾರು?”

ಸಂಗಣ್ಣ ಎದ್ದು ಕೈಮುಗಿದ. “ನಾನ ಹಚ್ಚೀನ್ರಿ ಸರ.”

“ಗೊತ್ತಿಲ್ಲ ಅನ್ನೋ. ನಾನು ಬಾಲಾಜಿ ಕಣೋ.”

“ಅದು ಗೊತ್ತೈತ್ರಿ. ಆದ್ರ ದನಿ ಅವರದ ಐತಲ್ರಿ.”

ಮತ್ತೆ ಕೇಳಿದೆ, ಮತ್ತೆ ಕೈಮುಗಿದ. ಹೋಗಲಿ ಎಂದು ಎರಡನೆಯ ಪ್ರಶ್ನೆಗೆ ಬಂದೆ: ಹೀಗೆ ಇನ್ನೂ ಯಾರು ಯಾರು ಹಚ್ಚುತ್ತಾರೆ? ಸಂಗಣ್ಣ ಬೆರಳು ಮಡಚತೊಡಗಿದ. ಸೀಲಿಂಗ್ ಯಂತ್ರದ ಸೋಮಪ್ಪ. ಲೇಬಲ್ ಯಂತ್ರದ ವೇಣಿ. ಮೂರನೆಯ ಬೆರಳಿಗೆ ಮಹಾದೇವಿಯ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಗ ಸಂಗಣ್ಣನಿಗೂ ತಾನೇನು ಹೇಳುತ್ತಿದ್ದೇನೆಂದು ತಿಳಿಯಿತು. ಬೆರಳುಗಳನ್ನು ಹಾಗೇ ಮಡಚಿಕೊಂಡು ಕೂತ. ನನ್ನ ಗಂಟಲಲ್ಲಿದ್ದ ರಾಜೇಂದ್ರ ಮತ್ತೆ ಬಾಯಿ ಬಿಡಲಿಲ್ಲ.

ಗುರುವಾರ ವಿಚಾರಣೆಗೆ ಮುಂಚೆಯೇ ನಮ್ಮಿಬ್ಬರನ್ನೂ ರಾಜೇಂದ್ರ ತಮ್ಮ ಕೋಣೆಗೆ ಕರೆಸಿಕೊಂಡರು. ಅವರಿಗೆ ಅಷ್ಟು ಮೆತ್ತಗಿನ ದನಿಯೊಂದಿದೆ ಎಂದು ನನ್ನ ಮಿಮಿಕ್ರಿಗೆ ತಿಳಿದೇ ಇರಲಿಲ್ಲ. ಈಗಲೇ ರಾಜೀನಾಮೆ ಕೊಟ್ಟರೆ ವಿಚಾರಣೆ ಇಲ್ಲ, ಸರ್ವಿಸ್ ಸರ್ಟಿಫಿಕೇಟಿನಲ್ಲಿ ಕಪ್ಪುಚುಕ್ಕೆ ಇಲ್ಲ. ಒಳಗೆ ಹೋದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ರಜೆ ರದ್ದು ಮಾಡಿದ್ದು ಅವನಲ್ಲವಲ್ಲ ಎಂದು ನಾನು ಶುರುಮಾಡಿದೆ. ಅವರು ತಲೆಯಾಡಿಸುತ್ತಾ ಪೂರ್ತಿ ಕೇಳಿ, ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿದರು.

“ಸಾಕ್ ಬಿಡ್ರಿ ಬಾಲಾಜಿ,” ಎಂದ ಸಂಗಣ್ಣ ನನ್ನ ಕಿವಿಯಲ್ಲಿ. “ಒಳಗ ಹೋದ್ರ ಎಲ್ಲಾರ ಹೆಸರೂ ನನ್ನ ಬಾಯಾಗ ಬರ್ತಾವ. ಪೆನ್ ಕೊಡ್ರಿ.”

ಕೊಟ್ಟೆ. ರಾಜೀನಾಮೆಯಲ್ಲಿ ರಾಜಿಯೂ ಇದೆ, ನಾಮವೂ ಇದೆ ಎಂದು ಕ್ಯಾಂಟೀನಿನಲ್ಲಿ ಎಷ್ಟೋ ಸಲ ನಗಿಸಿದ್ದೆ. ಈಗ ಅದು ನಾಲಗೆಯ ತನಕ ಬಂದು ವಾಪಸ್ಸು ಹೋಯಿತು. ಸಹಿಯಾದ ಮೇಲೆ ಸಂಗಣ್ಣ ಕೇಳಿದ್ದು ಒಂದೇ: ಮುಚ್ಚಳದಲ್ಲಿ ಉಳಿದ ಕುಂಕುಮವನ್ನು ತಾನೇ ಒರೆಸಿ ಬರಬಹುದೇ? ಕ್ಲೀನಿಂಗಿನವರು ಒರೆಸಿ ಆಗಿದೆ ಎಂದು ರಾಜೇಂದ್ರ ಅವನ ಕಾರ್ಡನ್ನು ಡ್ರಾಯರಿಗೆ ಹಾಕಿಕೊಂಡರು.

ಗೇಟಿಗೆ ಬಂದ ಮೇಲೆ ಹೊಳೆಯಿತು: ಒಳಗೆ ಬರಲಷ್ಟೇ ಅಲ್ಲ, ಹೊರಗೆ ಹೋಗಲೂ ಕಾರ್ಡು ಬೇಕು. ಈ ಜಾಗದಲ್ಲೇ ಒಂದು ಕಾಲಕ್ಕೆ ರಾಗಿ ಬೆಳೆದಿದ್ದ ಕಾವಲುಗಾರ ನಲ್ಲಪ್ಪ ಎಚ್.ಆರ್.ಗೆ ಫೋನ್ ಮಾಡಿದ; ಯಾರೂ ಎತ್ತಲಿಲ್ಲ. ನಾನು ಜೇಬಿಗೆ ಕೈ ಹಾಕಿದೆ. ನನ್ನ ಕಾರ್ಡು ತೋರಿಸಿದರೆ ಪಾಳಿ ಬಿಟ್ಟು ಹೊರಗೆ ಹೋದವನು ನಾನಾಗುತ್ತೇನೆ. ಕೈ ಅಲ್ಲೇ ನಿಂತಿತು.

ನಲ್ಲಪ್ಪ ನನ್ನ ಜೇಬನ್ನೊಮ್ಮೆ ನೋಡಿ, ತನ್ನ ಕಾರ್ಡನ್ನೇ ತೋರಿಸಿದ. “ಓಗಪ್ಪ, ಒತ್ತಾಯ್ತು.”

ಅಡ್ಡಗೋಲಿನ ಮೇಲೆ ರಾಜೇಂದ್ರ ಇಟ್ಟ ಗಂಧ ಕುಂಕುಮ ಒಣಗಿ ಅಂಟಿಕೊಂಡಿತ್ತು. ಸಂಗಣ್ಣ ಕರವಸ್ತ್ರ ತೆಗೆದು, ಯಂತ್ರ ಶುರುಮಾಡುವ ಮುಂಚಿನಂತೆ ನಿಧಾನವಾಗಿ ಅದನ್ನು ಒರೆಸಿದ. ಆಮೇಲೆ ತಳ್ಳಿಕೊಂಡು ಆಚೆ ಹೋದ. ತಿರುಗಿ ನೋಡಲಿಲ್ಲ.

“ಕಂಪ್ಯೂಟರ್ ಲೆಕ್ಕದಾಗೆ ಈಗ ನಾನ್ ಆಚೆ ಓಗಿದೀನಿ,” ಎಂದ ನಲ್ಲಪ್ಪ. “ನನ್ನ ಯಾರಪ್ಪಾ ಒಳೀಕ್ ಬಿಡೋರು?”

ನನ್ನ ಕೈ ಇನ್ನೂ ಜೇಬಿನಲ್ಲೇ ಇತ್ತು, ಕಾರ್ಡಿನ ಮೇಲೆ.