ನಲವತ್ತೇಳನೇ ಗೂಡಿನ ಚಪ್ಪಲಿ

ನಲವತ್ತೇಳನೇ ಗೂಡಿನಲ್ಲಿದ್ದ ಒಂದು ಜೊತೆ ನೀಲಿ ಹವಾಯಿ ಚಪ್ಪಲಿಯ ವಿಲೇವಾರಿ ಎಂಬ ಗಹನವಾದ ವಿಷಯಕ್ಕಾಗಿ ಕಂಪನಿಯಲ್ಲಿ ಎರಡು ಮೀಟಿಂಗ್ ನಡೆದವು. ಎರಡನೆಯದಕ್ಕೆ ಗೋಡಂಬಿ ಬಿಸ್ಕತ್ತೂ ಬಂತು. ಕೊನೆಗೆ ಕಸ ಗುಡಿಸುವ ಮಾರಯ್ಯನನ್ನು ಕರೆಸಲಾಯಿತು.

"ಕಿವಿ ಸತ್ತೋಗಿದ್ಯೇನ್ಲಾ? ಎತ್ತಿ ಎಸಿ ಅಂದಿದ್ದು ನೆನ್ನೆ," ಎಂದ ಎಚ್‌ಆರ್ ಶರತ್. ಮಾರಯ್ಯನಿಗಿಂತ ಮೂವತ್ತು ವರ್ಷ ಚಿಕ್ಕವನು.

"ನಮ್ ಕೂಸು ರಂಜಿನೀದು ಬುದ್ದಿ ಅದು."

"ಅದ್ಕೇ ನಿಂಗೇಳಿದ್ದು. ಮಿಕ್ಕೋರು ಮುಟ್ಟಕ್ಕೆ ಎದ್ರುಕತಾವ್ರೆ. ನಾಳೆ ಫಾರಿನ್ನೋರು ಬತ್ತಾರೆ, ಅಷ್ಟೊತ್ಗೆ ಅದು ಅಲ್ಲಿರಬಾರ್ದು."

ಚಾಮರಾಜನಗರದ ಹೊರಗಿನ ಆ ಕಾರ್ಖಾನೆಯಲ್ಲಿ ಹಸಿರು ಸರ್ಕ್ಯೂಟ್ ಹಲಗೆಗಳು ತಯಾರಾಗುತ್ತವೆ. ಮೊಬೈಲು, ವಿಮಾನ, ಉಪಗ್ರಹ, ಎದೆಬಡಿತ ಅಳೆಯುವ ಯಂತ್ರ, ದೇಶದ ಎಲ್ಲ ದೊಡ್ಡ ಉದ್ದಿಮೆಗೂ ನಮ್ಮದೇ ಕೈ ಎಂದು ಬಾಗಿಲಲ್ಲಿ ಬರೆಸಿದ್ದಾರೆ. ಕೈಗಳು ಹರವೆ, ಪುಣಜನೂರಿನಿಂದ ಬೆಳಿಗ್ಗೆ ಆರರ ಬಸ್ಸಿಗೆ ಬರುತ್ತವೆ.

ಒಳಗೆ ಧೂಳು ಹೋಗಕೂಡದು. ಹುಡುಗಿಯರು ತಮ್ಮ ಚಪ್ಪಲಿಯನ್ನು ಹೊರಗಿನ ಗೂಡಿನಲ್ಲಿಟ್ಟು ಕಂಪನಿಯ ಬಿಳಿ ಚಪ್ಪಲಿ ಮೆಟ್ಟಬೇಕು. ಇದನ್ನು ಮಾರಯ್ಯನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ಅಪ್ಪ ಗೌಡರ ಬೀದಿ ದಾಟುವ ತನಕ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಗಾಳಿಯಲ್ಲಿ ಧೂಳು ಹೆಚ್ಚಿದರೆ ಕೆಂಪು ದೀಪ ಹತ್ತಿ, ಹಲಗೆಗಳು ಸಾಗುವ ಬೆಲ್ಟು ತಾನಾಗಿಯೇ ನಿಲ್ಲುತ್ತದೆ. ಹುಡುಗಿಯ ಉಸಿರು ನಿಂತರೆ ನಿಲ್ಲುವ ಏರ್ಪಾಡಿಲ್ಲ.

ಇಪ್ಪತ್ತು ದಿನದ ಹಿಂದೆ ಹಾಗೇ ಆಯಿತು. ಹೊಗೆ ಎಳೆಯುವ ಫ್ಯಾನು ಕೆಟ್ಟು ಮೂರು ದಿನವಾಗಿತ್ತು. ಘಾಟಿನ ರಾಸಾಯನಿಕದಲ್ಲಿ ಹಲಗೆ ಒರೆಸುತ್ತಿದ್ದ ಮಾರಯ್ಯನ ಮಗಳು ಶಿವರಂಜಿನಿ ಮೇಜಿನ ಮೇಲೇ ಬಿದ್ದಳು. ಹಿಂಬಾಗಿಲಿನಿಂದ ಹೊತ್ತೊಯ್ದರು. ಕಂಪನಿಯ ದಾಖಲೆಯಲ್ಲಿ, ಅವಳು ಹನ್ನೊಂದು ಹತ್ತಕ್ಕೆ ಕಾರ್ಡ್ ಒತ್ತಿ ಮನೆಗೆ ಹೊರಟು, ರಸ್ತೆಯಲ್ಲಿ ಸತ್ತಳು.

"ಮನೆಗೋದೋಳು ಬರಿಗಾಲಲ್ಲಿ ಓದ್ಳಾ ಬುದ್ದಿ?" ಎಂದ ಮಾರಯ್ಯ.

ಶರತ್ ಫೋನು ನೋಡಿಕೊಂಡ. "ನಿನ್ ಕೆಲ್ಸಾನೂ ಬೇಡ್ವೇನ್ಲಾ?"

ಗೂಡುಗಳ ಹತ್ತಿರ ಫರ್ಹೀನ್ ಕಾಯುತ್ತಿದ್ದಳು. ರಂಜಿನಿಯ ಪಕ್ಕದ ಸ್ಟೂಲಿನವಳು.

"ಚಾಚಾ, ದಿನಾ ಸಂಜೆ ನಾನೇ ಅದನ್ನ ಗೋಡೆ ಕಡೆ ತಿರುಗಿಸಿ ಇಟ್ಟು ಹೋಗ್ತೀನಿ. ಬೆಳಿಗ್ಗೆ ಬಂದ್ರೆ ಬಾಗಿಲು ಕಡೆ ತಿರುಗಿರ್ತದೆ."

ಮಾರಯ್ಯನಿಗೆ ಆಶ್ಚರ್ಯವಾಗಲಿಲ್ಲ. "ತಿತಿ ದಿನ ಎಡೆ ಇಟ್ರೆ ಕಾಗೆ ಮುಟ್ನಿಲ್ಲ ಕಣವ್ವ. ಅವ್ಳು ಆಚಿಕ್ ಬಂದೇ ಇಲ್ಲ. ಒಳಗೇ ಅವ್ಳೆ."

ಮರುದಿನ ಹತ್ತು ಗಂಟೆಗೆ ವಿದೇಶಿ ಗಿರಾಕಿಗಳು ಗಾಜಿನಾಚೆ ನಿಂತು ನೋಡುತ್ತಿದ್ದರು. ಮಾರಯ್ಯ ನಲವತ್ತೇಳನೇ ಗೂಡಿನಿಂದ ಚಪ್ಪಲಿ ತೆಗೆದ. ಕಸದ ಡಬ್ಬಿ ದಾಟಿದ. ಬಿಳಿ ಚಪ್ಪಲಿಗಳ ಸಾಲು ದಾಟಿದ. ಮಣ್ಣುಗಾಲಲ್ಲೇ ಒಳಗೆ ಹೋಗಿ ಮಗಳ ಸ್ಟೂಲಿನ ಮುಂದೆ ನಿಂತ. ಅಲ್ಲಿ ಕೂತಿದ್ದ ಹೊಸ ಹುಡುಗಿ ಎದ್ದು ಸರಿದಳು. ಅವನು ಬಗ್ಗಿ, ಆ ನೀಲಿ ಚಪ್ಪಲಿಗಳನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟ.

"ಬಾ ಕೂಸೆ, ಮೆಟ್ಕೊ. ಮನೆಗೋಗನ."

ಕೆಂಪು ದೀಪ ಹತ್ತಿತು. ಬೆಲ್ಟು ನಿಂತಿತು. ಗಾಜಿನಾಚೆ ಶರತ್‌ನ ಬಾಯಿ ಬೇವಾರ್ಸಿ ನನ್ಮಗನೆ ಎಂಬಂತೆ ಆಡುತ್ತಿತ್ತು, ಸದ್ದು ಕೇಳುತ್ತಿರಲಿಲ್ಲ. ಆಮೇಲೆ ಮೈಕಿನಲ್ಲಿ ಕೇಳಿತು: ಯಾರಾದ್ರೂ ಅದನ್ನ ಎತ್ತಿ ಹೊರಗಾಕಿ. ಫರ್ಹೀನ್ ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಳು. ಅವಳ ಪಕ್ಕದವಳೂ ಬಿಚ್ಚಿದಳು. ಯಾರೂ ಬಗ್ಗಲಿಲ್ಲ.

ಅಂದು ಉತ್ಪಾದನೆ ಎರಡು ಗಂಟೆ ಹನ್ನೊಂದು ನಿಮಿಷ ನಿಂತಿತ್ತು.