ಗಾಯಕ್ಕೆ ಎಣ್ಣೆ

ಭಾವನ ಅಂಗಿಯನ್ನು ಮತ್ತೆ ಚಿಕ್ಕದು ಮಾಡಬೇಕಾಗಿತ್ತು. ಟೈಲರ್ ಮಂಚದ ಪಕ್ಕ ಮೊಣಕಾಲೂರಿ ತನ್ನ ಅಕ್ಕನ ಗಂಡನ ಭುಜಕ್ಕೆ ಟೇಪು ಹಿಡಿದ. ವರ್ಷಗಟ್ಟಲೆ ಬಸ್ಸಿನ ಸ್ಟಿಯರಿಂಗ್ ತಿರುಗಿಸಿದ ಭುಜಗಳಲ್ಲಿ ಈಗ ಮೂಳೆಯಷ್ಟೇ ಉಳಿದಿತ್ತು. ಹೊಟ್ಟೆಯೊಳಗಿನ ಗಡ್ಡೆಗೆ ಆಪರೇಷನ್ ಮಾಡುವ ಕಾಲ ಮೀರಿಹೋಗಿತ್ತು.

"ಅಳತೆ ನೆನಪಿಟ್ಕೋಬೇಡ ಮಾರಾಯ, ನಾಳೆಗೆ ಬದಲಾಗುತ್ತೆ," ಎಂದು ಭಾವ ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ.

ಟೈಲರ್‌ಗೆ ಬೈಬಲ್ ಬಾಯಿಪಾಠ. ಗುಂಡಿ ಹಚ್ಚುವಾಗಲೂ ಗಿರಾಕಿಗೆ ಒಂದು ವಾಕ್ಯ ಹೇಳದೆ ಬಿಡುವ ಆಸಾಮಿಯಲ್ಲ. ಬೀದಿಯ ಪ್ರಾರ್ಥನಾ ಕೂಟಕ್ಕೂ ಅವನೇ ಮುಂದಾಳು.

"ನಂಬಿಕೆ ಬಿಡಬೇಡಿ ಭಾವ. ಸಾಸಿವೆ ಕಾಳಿನಷ್ಟಿದ್ರೂ ಬೆಟ್ಟ ಸರಿಯುತ್ತೆ."

"ಬೆಟ್ಟ ಅಲ್ಲೇ ಇರಲಿ ಬಿಡು. ನಾನು ಮಗ್ಗುಲು ಬದಲಾಯಿಸೋ ಹಾಗಾದ್ರೆ ಸಾಕು."

ಮುಂದಿನ ನರಳಾಟ ಕೇಳಲಾರದೆ ಟೈಲರ್ ಅಡುಗೆಮನೆಗೆ ಹೋದ. ಅಲ್ಲಿ ಅಕ್ಕ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು.

"ನೋವಿನ ಮಾತ್ರೆ ಕೊಟ್ಟಿಲ್ವೇನಕ್ಕ?"

"ಕೂಟದಲ್ಲಿ ನೀನೇ ತಾನೆ ಹೇಳಿದ್ದು? ಒಂದು ಕೈಲಿ ಮಾತ್ರೆ, ಇನ್ನೊಂದು ಕೈಲಿ ಪ್ರಾರ್ಥನೆ ಹಿಡಿದ್ರೆ ಅದು ಅರ್ಧ ನಂಬಿಕೆ ಅಂತ. ಆವತ್ತೇ ನಿಲ್ಲಿಸ್ದೆ. ಅವರು ಕೇಳಿದ್ರೆ ಖಾಲಿ ಆಯ್ತು ಅಂತೀನಿ." ಅವಳು ಅವನ ಕನ್ನಡಕದತ್ತ ಬೆರಳು ಮಾಡಿದಳು. "ಕನ್ನಡಕ ಇಲ್ದೆ ನೀನು ಸೂಜಿಗೆ ದಾರ ಪೋಣಿಸ್ತೀಯೇನೋ? ಇವರೊಬ್ಬರೇ ಯಾಕೋ ಪೂರ್ತಿ ನಂಬಬೇಕು?"

ಟೈಲರ್‌ನ ಕೈ ಕನ್ನಡಕದತ್ತ ಹೋಯಿತು. ಆವತ್ತು ಮಾತು ಚೆನ್ನಾಗಿ ಬಂತೆಂದು, ಆಮೆನ್ ಜೋರಾಗಿ ಕೇಳಿಸಿತೆಂದು ಹಿಗ್ಗಿದ್ದ. ಅದನ್ನು ಯಾರಾದರೂ ಮನೆಗೆ ಕೊಂಡೊಯ್ದು ಪಾಲಿಸಿಯಾರು ಎಂದು ಯೋಚಿಸಿರಲಿಲ್ಲ.

ಒಳಗಿನಿಂದ ಭಾವ ಕರೆದ. ಅವನಿಗೆ ಎಲ್ಲವೂ ಕೇಳಿಸಿತ್ತು.

"ಒಂದು ಹೇಳೋ. ದಾರೀಲಿ ಕಳ್ಳರ ಕೈಲಿ ಹೊಡೆಸ್ಕೊಂಡು ಬಿದ್ದಿದ್ದನಲ್ಲ, ಅವನನ್ನ ಕಾಪಾಡಿದ ಆ ಸಮಾರ್ಯದ ದಾರಿಹೋಕ ಅವನಿಗೆ ಯಾವ ವಾಕ್ಯ ಹೇಳ್ದ?"

ಟೈಲರ್ ನೂರಾರು ಸಲ ಹೇಳಿದ್ದ ಬೈಬಲ್ ಕಥೆ ಅದು.

"ಏನೂ ಹೇಳಲಿಲ್ಲ ಭಾವ. ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿದ."

ಅಕ್ಕ ಹಿಟ್ಟಿನ ಡಬ್ಬಿಯ ಹಿಂದಿನಿಂದ ಮಾತ್ರೆ ತಂದಳು. ಟೈಲರ್ ಭಾವನ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು ನೀರು ಕುಡಿಸಿದ. ಬಹಳ ಹೊತ್ತಿನ ಮೇಲೆ ಭಾವನ ಬಿಗಿದ ಮುಷ್ಟಿ ಸಡಿಲಾಯಿತು, ನಿದ್ದೆ ಹತ್ತಿತು. ಗಡ್ಡೆ ಮಾತ್ರ ಎಲ್ಲೂ ಹೋಗಲಿಲ್ಲ. ಅದಕ್ಕೆ ತನ್ನಿಂದ ಏನೂ ಆಗದೆಂದು ತಿಳಿದು ಟೈಲರ್ ಸದ್ದಿಲ್ಲದೆ ಅತ್ತ.

ಸಂಜೆ ಕೂಟದವರು ಹಾಡಿನ ಪುಸ್ತಕ ಹಿಡಿದು ಬಂದರು. ಟೈಲರ್ ಬಾಗಿಲಿಗೆ ಅಡ್ಡ ನಿಂತ.

"ಹಾಡು ಬೇಡ, ಭಾವ ಮಲಗಿದಾರೆ. ಮಾತ್ರೆ ನಾನೇ ಕೊಟ್ಟೆ. ಆವತ್ತು ನಾನು ಹೇಳಿದ್ದು ತಪ್ಪು. ನನ್ನ ಮಾತು ಕೇಳಿ ಯಾರಾದ್ರೂ ಮನೇಲಿ ಔಷಧಿ ನಿಲ್ಲಿಸಿದ್ರೆ, ದಯವಿಟ್ಟು ಈಗ್ಲೇ ಹೋಗಿ ಕೊಡಿ."

ಹಿಂದೆ ನಿಂತಿದ್ದ ಅಜ್ಜಿಯೊಬ್ಬಳು ಹಾಡಿನ ಪುಸ್ತಕವನ್ನು ಪಕ್ಕದವಳ ಕೈಗೆ ತುರುಕಿ, ತನ್ನ ಮನೆಯ ಕಡೆ ಓಡತೊಡಗಿದಳು.